ಮೂರನೇ ಮೆಟ್ಟಿಲು

“ಎಡಗಡೆ ಎತ್ತಿ, ಎಡಗಡೆ! ಮೂರನೇ ಮೆಟ್ಟಿಲು ಸವೆದಿದೆ, ಜಾರುತ್ತೆ!”

ಹೆಗಲು ಕೊಟ್ಟವರು ಒಂದು ಗಳಿಗೆ ತಡೆದು, ಎಡಗಡೆ ಎತ್ತಿ, ಉಸಿರು ಬಿಗಿಹಿಡಿದು ಅಕ್ಕನನ್ನು ಬೀದಿಗೆ ಇಳಿಸಿದರು. ಕೂಗಿದ್ದು ಮನೆಯವರಲ್ಲ, ನೆಂಟರೂ ಅಲ್ಲ. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ಜನರನ್ನು ಒಳಗೆ ತಳ್ಳಿ ತಳ್ಳಿ ಪಳಗಿದ ಅವರ ಗಂಟಲು ಸಾವಿನ ಮನೆಯಲ್ಲೂ ತಗ್ಗಲು ಒಪ್ಪಿರಲಿಲ್ಲ. ಹಿಂದೆ ಇಳಿಯುತ್ತಿದ್ದ ತಂಗಿಗೆ ರೇಗಿತು. ತಾನು ಹುಟ್ಟಿ ಬೆಳೆದ ಮನೆಯ ಮೆಟ್ಟಿಲಿನ ವಿಚಾರವನ್ನು ಯಾರೋ ಹೊರಗಿನವರು ಹೇಳಬೇಕೇ ಎಂದುಕೊಂಡು ಕಾಲಿಟ್ಟಳು. ಇಟ್ಟ ಕಾಲು ಜಾರಿತು. ಕಂಡಕ್ಟರು ಅವಳ ಮೊಣಕೈ ಹಿಡಿದುಕೊಂಡರು.

“ಹೇಳಿದ್ನಲ್ಲಮ್ಮ,” ಎಂದರು, ಈ ಸಲ ಮೆಲ್ಲಗೆ.

ಬೀದಿಯಲ್ಲಿ ಹತ್ತಿಪ್ಪತ್ತು ಮಂದಿ ನಿಂತಿದ್ದರು. ಹೂ ತಂದಿದ್ದರು, ಅಳುತ್ತಲೂ ಇದ್ದರು. ಅವರಲ್ಲಿ ಒಬ್ಬರ ಮುಖವೂ ತಂಗಿಗೆ ಗೊತ್ತಿರಲಿಲ್ಲ. ನೆಂಟರೆಂದು ನಿಂತವಳು ಅವಳೊಬ್ಬಳೇ. ಎದುರು ಮನೆಯ ಇಸ್ತ್ರಿಯವನು ಪಕ್ಕಕ್ಕೆ ಬಂದು, “ಕಾಜಾ ಹೊಲ್ಕೊಂಡಿದ್ದ ಹೆಂಗಸು ಎಷ್ಟು ಜನಾನ ಸಂಪಾದಿಸಿದ್ರು ನೋಡಿ. ನಾನು ಸತ್ರೆ ಗಿರಾಕಿಗಳು ಬಟ್ಟೆ ಇಸ್ಕೊಂಡು ಹೋಗೋಕೆ ಬರ್ತಾರೆ ಅಷ್ಟೆ,” ಎಂದ.

ಸುಳ್ಳು ಹೇಳಿ ಸಂಪಾದಿಸಿದ್ದು, ಎಂದು ತಂಗಿಯ ನಾಲಗೆಯ ತುದಿಗೆ ಬಂದಿತ್ತು.

ಸ್ಮಶಾನದಲ್ಲಿ ಎಲ್ಲ ಮುಗಿದು ಕೈಕಾಲು ತೊಳೆಯುವಾಗ ಕಂಡಕ್ಟರು ವಿಷಯಕ್ಕೆ ಬಂದರು. “ಈ ಹೊತ್ತಲ್ಲಿ ಕೇಳಬಾರದು. ಆದ್ರೆ ನೀವು ನಾಳೆ ಊರಿಗೆ ಹೊರಟುಬಿಡ್ತೀರಿ. ಬಾಗಿಲ ಪಕ್ಕ ಒಂದು ಕಲ್ಲು ಹಾಕಿಸೋಣ ಅಂತ, ಧಾರಾವಾಹಿ ಮೆಚ್ಚಿ ಮನೆ ನೋಡೋಕೆ ಬರ್ತಿದ್ದ ನಮ್ಮೋರೆಲ್ಲ ಮಾತಾಡ್ಕೊಂಡಿದೀವಿ. ‘ತಿರುವಿನ ಮನೆ’ ಧಾರಾವಾಹಿಯ ಮನೆ ಇದೇ ಅಂತ. ಮನೆ ಈಗ ನಿಮ್ಮದಲ್ವಾ? ನೀವು ಹೂಂ ಅಂದ್ರೆ ಸಾಕು.”

ತಂಗಿ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆದು ತಲೆ ನೆರೆಸಿಕೊಂಡವಳು. ಒಂದು ಬಾವಿಯನ್ನು ಬೇಲಿಯ ಆಚೆಗೆ ತೋರಿಸಬೇಕಾದದ್ದನ್ನು ಈಚೆಗೆ ತೋರಿಸಿದರೆ ಎರಡು ಮನೆತನ ಹೊಡೆದಾಡಿಕೊಳ್ಳುವುದನ್ನು ಕಂಡವಳು. ಇಲ್ಲದ ಜಾಗದಲ್ಲಿ ಇದೆ ಎಂದು ಕಲ್ಲು ನೆಡುವುದಕ್ಕೆ ಅವಳು ಹೂಂ ಅನ್ನುವುದೆಂದರೇನು!

“ಮನೆಗೆ ಹೋಗಿ ಮಾತಾಡೋಣ. ನಾನೂ ನಿಮಗೆಲ್ಲ ಒಂದು ಮಾತು ಹೇಳೋದಿದೆ,” ಎಂದಳು.

*

ಧಾರಾವಾಹಿಯ ಆ ಮನೆ ನಿಜವಾಗಿ ಇದ್ದದ್ದು ಹಿಂದಿನ ಬೀದಿಯಲ್ಲಿ. ಅಲ್ಲೂ ಒಂದು ತಿರುವು, ಅಲ್ಲೂ ಕೆಂಪು ಗಾರೆಯ ಮೆಟ್ಟಿಲು. ಶೂಟಿಂಗಿನವರು ಬಂದಾಗ ತಂಗಿ ಚಿಕ್ಕವಳು, ಅಕ್ಕ ಆಗಲೇ ದರ್ಜಿ ಅಂಗಡಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಹೊಲಿಗೆ ಬಿಟ್ಟು ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಗುಂಪಿನಲ್ಲಿ ನಿಲ್ಲುತ್ತಿದ್ದಳು. ಪ್ರತಿ ಕಂತಿನ ಕೊನೆಗೂ ಕಥಾನಾಯಕಿ ಹಸಿರು ಬಾಗಿಲು ತೆರೆದು ಬಂದು, ಮೂರನೇ ಮೆಟ್ಟಿಲ ನಡುಮಧ್ಯೆ ಕೂತು ಬೀದಿ ನೋಡುತ್ತಿದ್ದಳು. ಅಷ್ಟೇ. ಆ ನೋಟವನ್ನು ನೋಡಲು ಊರೂರೇ ಟಿ.ವಿ. ಮುಂದೆ ಕೂರುತ್ತಿತ್ತು.

“ಅವಳು ಯಾರಿಗೆ ಕಾಯ್ತಾಳೆ ಅಕ್ಕ?”

“ಸಂಬಳಕ್ಕೆ,” ಎಂದಿದ್ದಳು ಅಕ್ಕ. ಸುತ್ತಲಿನವರು ನಕ್ಕಾಗ ಶೂಟಿಂಗಿನವನೊಬ್ಬ ಬಂದು ಗದರಿ ಹೋಗಿದ್ದ.

ಧಾರಾವಾಹಿ ಮುಗಿದು, ತಂಗಿಗೆ ದೂರದ ಊರಲ್ಲಿ ನೌಕರಿಯಾಗುವ ಹೊತ್ತಿಗೆ ಆ ಮನೆಯನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದರು. ಯಾರೂ ಅತ್ತಿರಲಿಲ್ಲ.

*

ಮುಂದಿನ ಕೋಣೆ ತುಂಬಿಹೋಗಿತ್ತು. ಕುರ್ಚಿ ಸಾಲದೆ ಅರ್ಧ ಜನ ನೆಲದ ಮೇಲೆ ಕೂತಿದ್ದರು. ಯಾರೋ ಅಡುಗೆಮನೆಗೆ ಹೋಗಿ ಟೀ ಮಾಡಿದರು; ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತಂಗಿಯನ್ನು ಕೇಳಲಿಲ್ಲ, ಅವರಿಗೇ ಗೊತ್ತಿತ್ತು. ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಮಾತು ಮೊದಮೊದಲು ಪಿಸುಗುಟ್ಟಿತು, ಆಮೇಲೆ ಸಡಿಲವಾಯಿತು. ಧಾರಾವಾಹಿಯ ಸೇತುವೆಯ ಕಂಬಿ ಕಿತ್ತುಹಾಕಿದ್ದಾರಂತೆ. ಗಡಿಯಾರದ ಅಂಗಡಿ ಈಗ ಔಷಧಿ ಅಂಗಡಿ. ಪ್ರೇಮಿಗಳು ಜಗಳವಾಡಿದ ರೈಲು ನಿಲ್ದಾಣದ ಬೆಂಚು ಮಾತ್ರ ಹಾಗೇ ಇದೆ. ಒಬ್ಬರು ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಅದೇ ಜಗಳ ಆಡಿಬಂದಿದ್ದರಂತೆ.

“ಎಲ್ಲಾ ಜಾಗ ಹೋದ್ರೂ ಈ ಮನೆ ಉಳೀತು,” ಎಂದರು ಕಂಡಕ್ಟರು. “ಮೊದಲು ಬಂದೋನು ನಾನೇ. ನಮ್ಮ ಮನೆಯವಳು ತೀರ್ಕೊಂಡ ವರ್ಷ. ಆಸ್ಪತ್ರೇಲಿ ಮಲಗಿದ್ದಾಗ, ಹುಷಾರಾದ್ಮೇಲೆ ಆ ಮನೆ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಅವಳು ಹುಷಾರಾಗ್ಲಿಲ್ಲ, ನಾನು ಬಂದೆ. ಬೀದಿ ಬೀದಿ ಸುತ್ತಿ ಈ ತಿರುವಿಗೆ ಬಂದು, ಇದೇನಾ ಅಮ್ಮಾ ಅಂದೆ. ನಿಮ್ಮಕ್ಕ, ನಮಗೆಲ್ಲ ಮೆಟ್ಟಿಲಕ್ಕ, ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡಿದ್ರು. ಆಮೇಲೆ, ‘ಬಿಸಿಲಲ್ಲಿ ನಿಂತ್ಕೋಬೇಡಿ, ಒಳಗೆ ಬನ್ನಿ’ ಅಂದ್ರು.”

ಹೌದು ಎಂದೂ ಹೇಳಿಲ್ಲ, ಅಲ್ಲ ಎಂದೂ ಹೇಳಿಲ್ಲ. ತಂಗಿ ಅದನ್ನು ಗಮನಿಸಿದಳು.

“ಆದ್ರೆ ಧಾರಾವಾಹೀಲಿ ಕಿಟಕಿ ಬಾಗಿಲ ಬಲಕ್ಕಿದೆ,” ಎಂದಳು, ಎಲ್ಲರಿಗೂ ಕೇಳುವಂತೆ. “ಇಲ್ಲಿ ಎಡಕ್ಕಿದೆ.”

“ಅದೇ ಡೈರೆಕ್ಟರ ಚಾಲಾಕು!” ಕಂಡಕ್ಟರು ತೊಡೆ ತಟ್ಟಿದರು. “ಕನ್ನಡಿ ಥರ ತಿರುಗಿಸಿ ತೋರಿಸಿದಾರೆ. ಕಂಡುಹಿಡಿಯೋಕೆ ನಮಗೆ ಒಂದು ವರ್ಷ ಬೇಕಾಯ್ತು.”

ಕೋಣೆಯಲ್ಲಿ ಮೆಚ್ಚುಗೆಯ ನಗು ಹರಿಯಿತು. ತಂಗಿಯ ಮಾತು ನೀರಿಗೆ ಬಿದ್ದ ಬೆಣಚುಕಲ್ಲಿನಂತೆ ಮುಳುಗಿತು.

ಅವಳ ಪಕ್ಕದಲ್ಲಿ ಕೂತಿದ್ದ ನರ್ಸು ಕೈಹಿಡಿದು ಎಬ್ಬಿಸಿದಳು. ರಾತ್ರಿಪಾಳಿ ಮುಗಿಸಿ ನೇರ ಬಂದವಳು, ಕಣ್ಣು ಕೆಂಪಗಿದ್ದವು. “ಬನ್ನಿ ಅಮ್ಮ, ನೀವು ಇದನ್ನ ನೋಡಿದೀರೋ ಇಲ್ವೋ. ಕ್ಯಾಮೆರಾ ಎಲ್ಲೆಲ್ಲಿ ಇಡಬೇಕು ಅಂತ ಡೈರೆಕ್ಟರು ಗೋಡೆ ಮೇಲೇ ಬರ್ಕೊಂಡಿದ್ರು.”

ಒಳಬಾಗಿಲ ಹಿಂದಿನ ಗೋಡೆಯಲ್ಲಿ, ಹೊಸ ಸುಣ್ಣದ ನಡುವೆ, ಒಂದು ಚೌಕ ಮಾತ್ರ ಸುಣ್ಣ ಕಾಣದೆ ಹಳದಿಯಾಗಿ ಉಳಿದಿತ್ತು. ಅದರೊಳಗೆ ಇದ್ದಿಲಿನ ಸೊಟ್ಟ ಗೆರೆಗಳು. ಮನೆ, ಮೆಟ್ಟಿಲು, ಬಾವಿ, ಒಂದು ನಾಯಿ. ನಾಯಿಗೆ ಐದು ಕಾಲು.

ತಂಗಿ ನಾಯಿಯ ಮೇಲೆ ಬೆರಳಿಟ್ಟಳು. ಐದನೆಯದು ಬಾಲ, ಬರೆದ ದಿನವೂ ಯಾರೂ ನಂಬಿರಲಿಲ್ಲ. ಅದು ಅವಳ ಬದುಕಿನ ಮೊದಲ ನಕ್ಷೆ. ಅದಕ್ಕಾಗಿ ಅಪ್ಪನಿಂದ ಏಟು ಬಿದ್ದಿತ್ತು, ಅಕ್ಕ ಅಡ್ಡ ಬಂದು ಅರ್ಧ ಏಟು ತಾನು ತಿಂದಿದ್ದಳು.

“ಪ್ರತಿ ಸಲ ಸುಣ್ಣ ಹೊಡೆಸುವಾಗಲೂ ಅಕ್ಕ ಇಲ್ಲೇ ಕಾವಲು ನಿಲ್ತಿದ್ರು,” ಎಂದಳು ನರ್ಸು. “ದೊಡ್ಡ ಮನುಷ್ಯರ ಕೈ ಇದು, ಮುಟ್ಟಬೇಡಿ ಅಂತ.”

*

ತಂಗಿ ಕೊನೆಯ ಸಲ ಈ ಮನೆಗೆ ಬಂದಾಗ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಳ್ಳುವವರ ಸಾಲಿತ್ತು. ಬಾಗಿಲಿಗೆ ಹೊಸದಾಗಿ ಹಸಿರು ಬಣ್ಣ ಬಳಿದಿತ್ತು. ತನ್ನ ಮನೆಗೆ ಹೋಗಲು ಅವಳು “ಸ್ವಲ್ಪ ಜಾಗ ಬಿಡಿ” ಎಂದು ಕೇಳಿಕೊಳ್ಳಬೇಕಾಯಿತು.

ಒಳಗೆ ಹೋದವಳೇ ಚೀಲವನ್ನೂ ಇಳಿಸದೆ ಶುರುಮಾಡಿದ್ದಳು. “ನಾಚಿಕೆ ಆಗಲ್ವಾ ನಿಂಗೆ? ಇಲ್ಲದ್ದನ್ನ ಇದೆ ಅಂತ ತೋರಿಸ್ಕೊಂಡು?”

ಅಕ್ಕ ಕನ್ನಡಕ ಮೂಗಿನ ತುದಿಗಿಳಿಸಿ ಒಂದು ಅಂಗಿಯ ಕಾಜಾ ಮುಗಿಸುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದಳು.

“ಯಾರಿಗೇನು ಲುಕ್ಸಾನು ಕಣೇ?”

“ಸುಳ್ಳು ಸುಳ್ಳೇ.”

“ಸುಳ್ಳು ಹೇಳಿದ್ರೆ ಇಷ್ಟು ಜನ ಬರ್ತಾರೆ. ನಿಜ ಹೇಳಿದ್ರೆ ನೀನೂ ಬರಲ್ಲ,” ಎಂದಳು ಅಕ್ಕ. ದನಿಯಲ್ಲಿ ಕೋಪವಿರಲಿಲ್ಲ. ಅಂಗಿಯನ್ನು ಮಡಚಿಟ್ಟು, “ಊಟ ಮಾಡ್ತೀಯಾ?” ಎಂದಳು.

ತಂಗಿ ಊಟ ಮಾಡಲಿಲ್ಲ. ಅಂದಿನ ಬಸ್ಸಿಗೇ ಹಿಂದಿರುಗಿದಳು. ಭಾನುವಾರಗಳ ಫೋನನ್ನು ಅವಳು ಒಂದೇಟಿಗೆ ನಿಲ್ಲಿಸಲಿಲ್ಲ. ಒಂದು ವಾರ ತಲೆನೋವು, ಇನ್ನೊಂದು ವಾರ ಕಚೇರಿಯ ಕೆಲಸ. ಹೀಗೆ ವಾರಗಳು ಜಾರಿದ ಮೇಲೆ, ಇಷ್ಟು ದಿನ ಬಿಟ್ಟು ಈಗ ಮಾಡಿದರೆ ಏನೆಂದು ಮಾತಾಡುವುದು ಎಂಬ ಸಂಕೋಚವೇ ಗೋಡೆಯಾಯಿತು. ಅಕ್ಕ ತಾನಾಗಿ ಮಾಡಲಿ ಎಂದು ಬಿಗುಮಾನದಲ್ಲಿ ಕೂತಳು. ಅಕ್ಕ ಯಾವತ್ತೂ ತಾನಾಗಿ ಫೋನು ಮಾಡಿದವಳಲ್ಲ; ದೊಡ್ಡ ಕಚೇರಿಯ ಕೆಲಸಕ್ಕೆ ಅಡ್ಡಿಯಾದೀತು ಎಂದು ಹೆದರುತ್ತಿದ್ದಳು. ಅದು ತಂಗಿಗೆ ಗೊತ್ತಿತ್ತು.

*

“ಈ ಬಾಗಿಲಿಗೊಂದು ಪಟ್ಟಿ ಹೊಡೆಸಿಬಿಡಿ,” ಎಂದ ಇಸ್ತ್ರಿಯವನು, ಮುಂಬಾಗಿಲ ತಳಭಾಗ ತೋರಿಸುತ್ತ. ಹಲಗೆಯ ಕೆಳ ಅಂಚಿನಲ್ಲಿ, ಮೂಲೆಗೆ, ಎರಡು ಬೆರಳು ಹಿಡಿಸುವಷ್ಟು ಕಚ್ಚು ಕೊರೆದಿತ್ತು. “ಖಾಲಿ ಮನೆ. ಇಲಿ ಬಂದು ಸಂಸಾರ ಹೂಡ್ತವೆ.”

“ಅಯ್ಯೋ, ಅದನ್ನ ಮುಚ್ಚೋದಾ!” ನರ್ಸು ಹೌಹಾರಿದಳು. “ಅದು ಶೂಟಿಂಗ್ ಕಾಲದ್ದು. ಅಮ್ಮ, ನಿಮಗೆ ಆ ಕಥೆ ಗೊತ್ತಲ್ವಾ?”

“ಯಾವ ಕಥೆ?”

“ನಾಯಕಿ ಪಾತ್ರ ಮಾಡಿದೋರಿಗೆ ಒಬ್ಬಳು ತಂಗಿ ಇದ್ಲಂತೆ, ದೂರದ ಊರಲ್ಲಿ. ಭಾನುವಾರ ಸಂಜೆ ಅವಳ ಫೋನು. ಶೂಟಿಂಗ್ ಮಧ್ಯೆ ಫೋನ್ ಬಂದು ತಪ್ಪಿಹೋದ್ರೆ ಅಂತ ಉದ್ದ ವೈರು ಹಾಕಿಸಿ, ಬಾಗಿಲಿಗೆ ಕಚ್ಚು ಕೊರೆಸಿ, ಫೋನನ್ನ ಮೆಟ್ಟಿಲಿಗೇ ತಂದಿಟ್ಕೊಂಡು ಕೂರ್ತಿದ್ರಂತೆ. ತಂಗಿ ಫೋನ್ ಬಂದ್ರೆ ಕ್ಯಾಮೆರಾ ನಿಲ್ಲಬೇಕು! ಡೈರೆಕ್ಟರೂ ಬಾಯಿ ಬಿಡೋ ಹಾಗಿಲ್ಲ!”

ಎಲ್ಲರೂ ನಕ್ಕರು. ಎಷ್ಟೋ ಸಲ ಕೇಳಿದ ಕಥೆಯನ್ನು ಇನ್ನೊಮ್ಮೆ ಕೇಳುವವರ ನಗು. ತಂಗಿ ಮಾತ್ರ ಗೋಡೆಗೆ ಕೈ ಆನಿಸಿ ನಿಂತಿದ್ದಳು. ಶೂಟಿಂಗ್ ನಡೆದ ಕಾಲಕ್ಕೆ ಈ ಮನೆಯಲ್ಲಿ ಫೋನೇ ಇರಲಿಲ್ಲ. ಬಂದದ್ದು ಅವಳಿಗೆ ನೌಕರಿಯಾಗಿ ಅವಳು ಊರು ಬಿಟ್ಟ ಮೇಲೆ.

“ಏನು ಮಾತಾಡ್ತಿದ್ರಂತೆ?” ಎಂದು ಕೇಳಿದಳು.

“ಏನೂ ಇಲ್ವಂತೆ. ಊಟ ಆಯ್ತಾ, ಏನು ಅಡುಗೆ, ಅಷ್ಟೆ. ಆಮೇಲೆ ಆ ತಂಗಿ ಫೋನ್ ಮಾಡೋದೇ ನಿಲ್ಲಿಸಿಬಿಟ್ಲಂತೆ. ಎಂಥಾ ಕಲ್ಲುಮನಸ್ಸು ಅಂತ ನಾನು ಬೈದ್ರೆ ಅಕ್ಕ ನನಗೇ ರೇಗೋರು. ‘ಅವಳಿಗೆ ಏನು ಕೆಲಸವೋ ಪಾಪ’ ಅಂತ.” ನರ್ಸು ಕಣ್ಣೊರೆಸಿಕೊಂಡಳು. “ಅಕ್ಕಂಗೆ ನಾನೊಂದು ಮೊಬೈಲ್ ತಂದುಕೊಟ್ಟೆ. ವಾಪಸ್ ಕೊಟ್ಟುಬಿಟ್ರು. ಗೊತ್ತಿರೋರಿಗೆ ಈ ನಂಬರೇ ಗೊತ್ತಿರೋದು ಅಂದ್ರು. ಅಮ್ಮ, ಒಂದು ಕೇಳ್ಲಾ? ಕಥೆಯ ಕೊನೆ ಮಾತ್ರ ಅಕ್ಕ ಯಾರಿಗೂ ಹೇಳ್ಲಿಲ್ಲ. ನೀವಾಗ ಇಲ್ಲೇ ಇದ್ರಿ. ಆಮೇಲೆ ಯಾವತ್ತಾದ್ರೂ ಬಂತಾ ಆ ಫೋನು?”

ಟೀ ಲೋಟ ಹಿಡಿದವರು ಹಿಡಿದಂತೆಯೇ ಅವಳತ್ತ ತಿರುಗಿದರು. ಅಷ್ಟೊಂದು ಮುಖಗಳು, ಬೆಳಗಿನಿಂದ ಅವಳು ಕಾದಿದ್ದ ಗಳಿಗೆ. ಹೇಳಬೇಕಾದ ಮಾತನ್ನು ಅವಳು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು: ಆ ಮನೆ ಇದಲ್ಲ, ಹಿಂದಿನ ಬೀದಿಯಲ್ಲಿತ್ತು, ನಿಮ್ಮನ್ನೆಲ್ಲ ಅಕ್ಕ ನಂಬಿಸಿದಳು.

“ಇಲ್ಲ,” ಎಂದಳು. “ಬರಲಿಲ್ಲ.”

ನರ್ಸು ತುಟಿ ಕಚ್ಚಿ ತಲೆಯಾಡಿಸಿದಳು. ಕಂಡಕ್ಟರು ಕೆಮ್ಮಿದರು.

“ನೀವೇನೋ ಹೇಳೋದಿದೆ ಅಂದಿದ್ರಿ ಅಮ್ಮ.”

“ಹೇಳಿ ಆಯ್ತು.”

“ಮತ್ತೆ... ಕಲ್ಲು?”

ಜಾಗ ನೋಡದೆ ಒಂದು ಗೆರೆಯನ್ನೂ ಎಳೆಯದಿದ್ದ ಹೆಂಗಸು ತಲೆ ತಗ್ಗಿಸಿ, “ಹಾಕಿಸಿ,” ಎಂದಳು. ಆಮೇಲೆ ಇಸ್ತ್ರಿಯವನ ಕಡೆ ತಿರುಗಿ, “ಆ ಕಚ್ಚು ಹಾಗೇ ಇರಲಿ. ಇಲಿ ಬಂದ್ರೆ ಬರಲಿ,” ಎಂದಳು.

*

ಕತ್ತಲಾಗುವ ಮೊದಲು ಎಲ್ಲರೂ ಹೊರಟರು. ಲೋಟಗಳನ್ನು ತೊಳೆದು, ಅವು ಇರುತ್ತಿದ್ದ ಜಾಗದಲ್ಲೇ ಬೋರಲು ಹಾಕಿಹೋಗಿದ್ದರು. ಮನೆಯೊಳಗೆ ಸದ್ದು ಮಾಡುವಂಥದ್ದು ಏನೂ ಉಳಿಯಲಿಲ್ಲ.

ತಂಗಿ ಕಿಟಕಿಯ ಪಕ್ಕದ ಸ್ಟೂಲಿನಿಂದ ಫೋನನ್ನು ಎತ್ತಿಕೊಂಡಳು. ಹಿಂದೆ ಸುರುಳಿ ಸುತ್ತಿಟ್ಟಿದ್ದ ವೈರು ಬಿಚ್ಚಿಕೊಳ್ಳುತ್ತ ಅವಳ ಹಿಂದೆ ಬಂತು. ಹೊಸಿಲು ದಾಟಿ, ವೈರನ್ನು ಕಚ್ಚಿನಲ್ಲಿ ಕೂರಿಸಿ ಬಾಗಿಲೆಳೆದಳು. ಬಾಗಿಲು ತಕರಾರಿಲ್ಲದೆ ಮುಚ್ಚಿಕೊಂಡಿತು. ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ಮೂರನೆಯದರ ಎಡತುದಿಗೆ ಬಂದಾಗ ವೈರು ಬಿಗಿಯಾಯಿತು. ಅಲ್ಲಿಂದ ಮಧ್ಯಕ್ಕೆ ಅದು ಎಟುಕುತ್ತಿರಲಿಲ್ಲ.

ಬೀದಿದೀಪ ಹತ್ತಿತು. ಅವಳು ಬಗ್ಗಿ ನೋಡಿದಳು. ಬಂದವರೆಲ್ಲ ಕೂತು ಫೋಟೋ ತೆಗೆಸಿಕೊಂಡ, ಧಾರಾವಾಹಿಯ ನಾಯಕಿ ಕೂರುತ್ತಿದ್ದಳೆಂದು ಅವರು ನಂಬಿದ್ದ ನಡುಮಧ್ಯದಲ್ಲಿ ಕೆಂಪು ಗಾರೆ ಇನ್ನೂ ಹೊಳೆಯುತ್ತಿತ್ತು. ಸವೆದದ್ದು ಎಡತುದಿ ಮಾತ್ರ. ಬಣ್ಣ ಹೋಗಿ, ನುಣುಪಾಗಿ, ಒಬ್ಬರು ಕೂರುವಷ್ಟು ತಗ್ಗಾಗಿತ್ತು.

ಅವಳು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಆ ತಗ್ಗಿನಲ್ಲಿ ಕೂತಳು. ಚಿಕ್ಕಂದಿನಲ್ಲಿ ಅಕ್ಕನ ಅಂಗಿ ಹಾಕಿಕೊಂಡಾಗ ಆಗುತ್ತಿದ್ದಂತೆ, ಅದು ಅವಳಿಗೆ ಸ್ವಲ್ಪ ದೊಡ್ಡದಾಯಿತು.