ಬೆಚ್ಚಗಿನ ಅಳತೆಕೋಲು

ನಮ್ಮ ದೇಶದ ಬಂದೂಕು ಕಾನೂನನ್ನು ನನ್ನೆದುರು ಯಾರೂ ಬೈಯಬೇಡಿ. ಇಪ್ಪತ್ತಾರು ವರ್ಷದಿಂದ ಅದನ್ನು ಬೈದುಕೊಂಡೇ ಹೊಟ್ಟೆ ಹೊರೆದವನು ನಾನು, ಆ ಹಕ್ಕು ನನ್ನದು. ಉತ್ತರದ ಹಿಮದ ಊರಾದ ಫ್ಲಿನ್ ಫ್ಲಾನ್‌ನಲ್ಲಿ ಬೇಟೆ ಸಾಮಾನಿನ ಅಂಗಡಿಯ ಕಾರ್ನಿ ಫ್ರೀಸೆನ್ ಎಂದರೆ ಸುತ್ತಲಿನವರಿಗೆಲ್ಲ ಗೊತ್ತು. ಆಯುಧ ಮುಟ್ಟಬಾರದೆನ್ನುವ ಮೆನೊನೈಟ್ ಕ್ರೈಸ್ತ ಪಂಥದ ಮನೆತನದಲ್ಲಿ ಹುಟ್ಟಿ ಬಂದೂಕು ಮಾರುತ್ತೇನಲ್ಲ ಎಂದು ನನ್ನ ಸೋದರತ್ತೆಯರು ಇವತ್ತಿಗೂ ಪ್ರಾರ್ಥನೆಯಲ್ಲಿ ನನ್ನ ಹೆಸರು ಸೇರಿಸುತ್ತಾರೆ. ಹೋದ ಜನವರಿಯಲ್ಲಿ ಆ ಪ್ರಾರ್ಥನೆ ಬೇಕಾಗಿತ್ತು ಬಿಡಿ.

ಟರ್ಕಿಯಿಂದ ನೂರಿಪ್ಪತ್ತು ಕಾರ್ಬೈನ್ ತರಿಸಿದ್ದೆ. ಗಿಡ್ಡ ಬಂದೂಕು, ಅಗ್ಗದ್ದು. ಟ್ರಿಗರ್ ಒತ್ತಿದಾಗಲೆಲ್ಲ ಒಂದು ಗುಂಡು ಹಾರಿ, ಮುಂದಿನದು ತಾನಾಗಿಯೇ ಏರಿ ಕೂರುತ್ತದೆ. ಇಂಥದ್ದನ್ನು ಒಳಗೆ ತರಬೇಕೆಂದರೆ ಸರ್ಕಾರಕ್ಕೆ ನೂರೆಂಟು ಕಸಿವಿಸಿ. ಐದಕ್ಕಿಂತ ಹೆಚ್ಚು ಗುಂಡು ಹಿಡಿಯಬಾರದು, ಅದಕ್ಕೆ ಆರನೆಯದು ಹೊಗದಂತೆ ಬಂದೂಕಿನ ಒಂದೊಂದು ಗುಂಡಿನ ಡಬ್ಬಿಗೂ ರಿವೆಟ್ ಹೊಡೆಸಿದೆ. ನೋಡಲಿಕ್ಕೆ ರೌದ್ರವಾಗಿರಬಾರದು, ಅದಕ್ಕೆ ಅಜ್ಜಿಯ ಕುರ್ಚಿಯ ಹಾಗೆ ಕಾಣುವ ಮರದ ಹಿಡಿಕೆ ಹಾಕಿಸಿದೆ. ಕೊನೆಯದು ನಳಿಕೆಯ ಉದ್ದ. ನಾನೂರ ಎಪ್ಪತ್ತು ಮಿಲಿಮೀಟರ್ ಇದ್ದರೆ ಅದು ಮರ್ಯಾದಸ್ಥ ಬೇಟೆ ಬಂದೂಕು. ಕೂದಲೆಳೆ ಕಮ್ಮಿಯಾಯಿತೋ, ನಿರ್ಬಂಧಿತ ವರ್ಗ. ಅಂಥದ್ದನ್ನು ತರಿಸುವ ಪರವಾನಗಿ ನನಗಿಲ್ಲ. ಸಿಕ್ಕಿಬಿದ್ದರೆ ಸರಕೆಲ್ಲ ಗುಜರಿಗೆ, ಅದರ ಹಿಂದೆಯೇ ನನ್ನ ಪರವಾನಗಿ, ಆಮೇಲೆ ಅಂಗಡಿಗೆ ಬೀಗ.

ಟರ್ಕಿಯ ಕಾರ್ಖಾನೆಯ ಹಿಕ್ಮೆತ್ ಬೇ, ಅವರಲ್ಲಿ ಬೇ ಎಂದರೆ ಸಾಹೇಬ, ಫೋನಿನಲ್ಲಿ ಬುದ್ಧಿ ಹೇಳಿದ್ದ. "ಫ್ರೀಸೆನ್ ಬೇ, ಐದು ಮಿಲಿಮೀಟರ್ ಜಾಸ್ತಿ ಬಿಡ್ತೀನಿ, ಇರ್ಲಿ."

"ಏನೂ ಬೇಡ. ನಮ್ಮವರಿಗೆ ಗಿಡ್ಡದ್ದೇ ಬೇಕು. ನಾನೂರ ಎಪ್ಪತ್ತು ಪಾಯಿಂಟ್ ಒಂದು ಇಡು ಸಾಕು," ಎಂದಿದ್ದೆ. ಬರೆದೂ ಕಳಿಸಿದ್ದೆ, ಸಹಿ ಹಾಕಿ. ಅಷ್ಟು ಬುದ್ಧಿವಂತ ನಾನು.

ಸರಕು ಬಂತು. ತಪಾಸಣೆಯವರು ಬರುವ ತನಕ ಕಸ್ಟಮ್ಸಿನವರು ಪೆಟ್ಟಿಗೆಗಳನ್ನು ಮೊಹರು ಹಾಕಿ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಡಿಸಿದರು. ಮುಟ್ಟುವ ಹಾಗಿಲ್ಲ, ಕದಲಿಸುವ ಹಾಗಿಲ್ಲ. ಅಧಿಕಾರಿ ಬೋಶ್ಮೆನ್ ರಾಜಧಾನಿ ಆಟವಾದಿಂದ ಬಂದಿಳಿದ ಮಂಗಳವಾರ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿತ್ತು. ಸಭ್ಯ ಮನುಷ್ಯ, ಮಾತು ಮಾತಿಗೂ ಕ್ಷಮೆ ಕೇಳುತ್ತಿದ್ದ. ಅವನ ಅಳತೆಕೋಲು ಉಣ್ಣೆಯ ಪೆಟ್ಟಿಗೆಯಲ್ಲಿ ಮಲಗಿ, ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಬಂದಿತ್ತು. ಸೀಟಿಗೆ ಹೀಟರ್ ಬೇರೆ. ನನ್ನ ಹೆಂಡತಿ ಲಿಯೋನಾಗೆ ಮದುವೆಯಾದಾಗಿನಿಂದ ನಾನು ಅಂಥ ಸೀಟು ಕೊಡಿಸಿಲ್ಲ. ಅವಳು ಅದನ್ನು ನೋಡಿದಳು, ನನ್ನನ್ನೂ ನೋಡಿದಳು.

ಅವತ್ತು ಆಂಬ್ರೋಸ್ ಬ್ಯಾಲಂಟೈನ್ ಕೂಡ ಬಂದಿದ್ದ. ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನದ ಹಿರಿಯ, ಎಪ್ಪತ್ತು ದಾಟಿದರೂ ಚಳಿಗಾಲವಿಡೀ ಕಾಡಿನಲ್ಲಿ ಬೋನು ಇಟ್ಟು ಬದುಕುವವನು. ಅವನ ಬೋನಿಗೆ ಬಿದ್ದದ್ದನ್ನೆಲ್ಲ ತೋಳಗಳು ತಿಂದು ಮುಗಿಸುತ್ತಿದ್ದವು. ಮೊದಲ ಕಾರ್ಬೈನ್ ಅವನಿಗೇ ಎಂದು ಮಾತು ಕೊಟ್ಟಿದ್ದೆ.

ಬೋಶ್ಮೆನ್ ಮೊಹರು ಒಡೆದ, ಒಂದು ಬಂದೂಕು ಎತ್ತಿದ, ಕೋಲನ್ನು ನಳಿಕೆಯ ಬಾಯಿಂದ ತಳ ಮುಟ್ಟುವ ತನಕ ಇಳಿಸಿದ.

"ನಾನೂರ ಅರವತ್ತೊಂಬತ್ತು ಪಾಯಿಂಟ್ ಎಂಟು," ಎಂದ. "ಕ್ಷಮಿಸಿ."

ಇನ್ನೊಂದು ಅಳೆದ, ಮತ್ತೊಂದು ಅಳೆದ. ಐದಕ್ಕೂ ಅದೇ.

"ಚಳಿಗೆ ಕುಗ್ಗಿದೆ ಸರ್ ಅದು! ಒಳಗೆ ತಗೊಂಡು ಹೋಗಿ, ಬೆಚ್ಚಗಾದ್ಮೇಲೆ ಅಳೀರಿ!"

"ಮೊಹರು ಒಡೆದ ಜಾಗದಲ್ಲೇ ಅಳೀಬೇಕು ಸರ್. ನಿಯಮ. ಸರಕು ಕದಲಿಸೋ ಹಾಗಿಲ್ಲ."

"ಹಾಗಾದ್ರೆ ಜುಲೈನಲ್ಲಿ ಬನ್ನಿ!"

"ವರದಿ ಶುಕ್ರವಾರದೊಳಗೆ ಕೊಡ್ಬೇಕು. ಕ್ಷಮಿಸಿ."

ಲಿಯೋನಾ ನನ್ನ ಪಕ್ಕೆಗೆ ತಿವಿದಳು. "ಆ ಟರ್ಕಿಯವನು ಬಡ್ಕೊಂಡ ಅಲ್ವಾ, ಐದು ಜಾಸ್ತಿ ಇರ್ಲಿ ಅಂತ? ಕೂದಲೆಳೆ ಉಳಿಸೋಕೆ ಹೋಗಿ ತಲೇನೇ ಕೊಟ್ಟೆಯಲ್ಲೋ!"

ಅವಳು ಹೇಳಿದ್ದು ಸರಿಯಾಗಿತ್ತು. ಆ ಶೆಡ್ಡಿನ ಕಿಟಕಿಯಿಂದ ಅಂಗಡಿಯ ಹಿಂಬಾಗಿಲು ಕಾಣುತ್ತದೆ. ಅದರ ಬಣ್ಣ ನಾವಿಬ್ಬರೂ ಸೇರಿ ಬಳಿದದ್ದು. ನಿಜ ಹೇಳುತ್ತೇನೆ, ಹೆದರಿ ನಿಂತಲ್ಲೇ ಹೆಜ್ಜೆ ಕುಟ್ಟತೊಡಗಿದೆ. ಚಳಿಗೆ ಎಂದು ನಟಿಸಿದೆ. ಬೋಶ್ಮೆನ್ ಅಷ್ಟರಲ್ಲಿ ಫಾರಂ ತೆಗೆದು ಪೆನ್ನಿನ ತುದಿಗೆ ಉಸಿರು ಊದುತ್ತಿದ್ದ, ಶಾಯಿ ಹೆಪ್ಪುಗಟ್ಟಿತ್ತು.

ಆಂಬ್ರೋಸ್ ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ. ಮೆಲ್ಲಗೆ ಬಂದು, ಕೈಗವಸು ಕಳಚಿ, ಅಳತೆಕೋಲು ಮುಟ್ಟಿದ.

"ಅಬ್ಬಬ್ಬ, ಇನ್ನೂ ಬೆಚ್ಚಗಿದೆಯಲ್ಲಪ್ಪಾ. ಇದು ಯಾತರದ್ದು?"

"ಉಕ್ಕು ಸರ್."

"ಬಂದೂಕು?"

"ಅದೂ... ಉಕ್ಕೇ."

"ಅದು ಎರಡು ವಾರದಿಂದ ಇಲ್ಲಿ ನಡುಗ್ತಾ ಕೂತಿದೆ. ಇದು ಸೀಟಲ್ಲಿ ಕುಂಡೆ ಕಾಯಿಸ್ಕೊಂಡು ಈಗ ಬಂದು ಅದನ್ನ ಗಿಡ್ಡ ಅಂತಿದೆ. ಇದನ್ನೂ ಒಂದು ಗಂಟೆ ನಮ್ಮ ಜೊತೆ ನಿಲ್ಲಿಸಪ್ಪ, ಆಮೇಲೆ ಮಾತಾಡ್ಲಿ."

"ಉಪಕರಣಾನ ಬೆಚ್ಚಗಿಡಬೇಕು ಅಂತ ನಿಯಮ ಇದೆ ಸರ್."

"ಇಟ್ಟಿದ್ದೀಯಲ್ಲ, ಯಾರು ಬೇಡ ಅಂದ್ರು? ಬೆಚ್ಚಗಿರುವಾಗ್ಲೇ ಅಳೀಬೇಕು ಅಂತ ಇದೆಯಾ? ಓದು ನೋಡೋಣ."

ಬೋಶ್ಮೆನ್ ನಿಯಮದ ಪುಸ್ತಕ ತೆಗೆದ. ಗವಸು ಹಾಕಿ ಪುಟ ತಿರುವಲಾಗದು, ತೆಗೆದರೆ ಬೆರಳು ಸೆಟೆಯುತ್ತದೆ. ತೆಗೆದ. ಪಾಪ, ಎರಡೆರಡು ಸಲ ಓದಿದ.

"ಇಡೋ ವಿಷಯ ಇದೆ," ಎಂದ ಕೊನೆಗೆ. "ಅಳೆಯೋ ವಿಷಯ ಇಲ್ಲ."

ಕೋಲನ್ನು ಪೆಟ್ಟಿಗೆಯ ಮೇಲೆ ಬಿಟ್ಟು ನಾವು ಒಳಗೆ ಹೋದೆವು. ಲಿಯೋನಾ ಕಾಫಿ ಕೊಟ್ಟಳು, ಪ್ಲಮ್ ಹಾಕಿ ಬೇಯಿಸಿದ ಪ್ಲಾಟ್ಸ್ ಕೇಕು ಕೊಟ್ಟಳು. ಬೋಶ್ಮೆನ್ ಅರ್ಧ ತುಂಡು ತಿನ್ನುವಷ್ಟರಲ್ಲಿ ಹತ್ತು ಸಲ ಕಿಟಕಿಯತ್ತ ನೋಡಿದ. ನಾನು ತಿನ್ನಲೇ ಇಲ್ಲ.

ಒಂದು ಗಂಟೆ ಕಳೆದು ಹೋದೆವು. ಕೋಲಿನ ಮೇಲೆ ಹಿಮದ ಹುಡಿ ಬಿಳಿಯಾಗಿ ಕೂತಿತ್ತು. ಒರೆಸಿ ಇಳಿಸಿದ.

"ನಾನೂರ ಎಪ್ಪತ್ತು," ಎಂದು ನಿಲ್ಲಿಸಿದ. ನಾನು ಲಿಯೋನಾಳ ಕೈ ಹಿಡಿದೆ. "ಪಾಯಿಂಟ್ ಒಂದು."

ಹನ್ನೊಂದು ಬಂದೂಕು ಅಳೆದ. ಎಲ್ಲವೂ ಪಾಯಿಂಟ್ ಒಂದು, ಬಂದೂಕಿನಷ್ಟೇ ಕೋಲೂ ಕುಗ್ಗಿತ್ತಲ್ಲ. ಟರ್ಕಿಯವರ ಕೆಲಸವನ್ನು ಹೊಗಳಲೇಬೇಕು, ನನ್ನ ಜಿಪುಣತನವನ್ನು ಒಂದಿಷ್ಟೂ ತಪ್ಪದೆ ಪಾಲಿಸಿದ್ದರು.

"ಇದನ್ನ ವರದೀಲಿ ಹೇಗೆ ಬರೀಲಿ?" ಬೋಶ್ಮೆನ್ ನಿಜಕ್ಕೂ ಕೇಳಿದ, ಆಂಬ್ರೋಸನ ಕಡೆ ತಿರುಗಿ.

"ಇದ್ದದ್ದು ಇದ್ದ ಹಾಗೆ ಬರಿಯಪ್ಪ. ಕಾನೂನು ಬಂದು ಒಂದು ಗಂಟೆ ನಮ್ಮ ಚಳೀಲಿ ನಿಂತ್ಕೊಂಡ್ಮೇಲೆ, ನಾವು ಕಳ್ಳರಾಗಿ ಕಾಣ್ಲಿಲ್ಲ ಅಂತ ಬರಿ. ನಮ್ಮ ತಾತನ ಕಾಲದಿಂದ ಇದೊಂದನ್ನೇ ಕೇಳ್ತಾ ಬಂದಿದ್ದೀವಿ."

ಅವನು ನಗುತ್ತಿರಲಿಲ್ಲ. ಬೋಶ್ಮೆನ್ ಮುಖ ಕೆಂಪಗಾಯಿತು. "ಮರು ಅಳತೆ, ಸರಿಯಿದೆ" ಎಂದಷ್ಟೇ ಬರೆದು ಮುದ್ರೆ ಒತ್ತಿದ. ಈ ಸಲ ಕ್ಷಮೆ ಕೇಳಲಿಲ್ಲ. ಕೋಲನ್ನು ಉಣ್ಣೆಯ ಪೆಟ್ಟಿಗೆಗೆ ಹಾಕಿ, ಮುಂದಿನ ಸೀಟಿನಲ್ಲಿಟ್ಟು, ಬೆಲ್ಟು ಕಟ್ಟಿ, ಹೀಟರ್ ಹಾಕಿಕೊಂಡು ಹೊರಟ.

ಆಂಬ್ರೋಸ್ ತನ್ನ ಕಾರ್ಬೈನ್ ಹೆಗಲಿಗೇರಿಸಿದ. ನಾನು ಹಿಂದೆಯೇ ಓಡಿ ಅವನ ಕೈ ಹಿಡಿದು ಏನೇನೋ ಹೇಳಲು ಹೊರಟೆ, ಅಳು ಬಂತು. ಅವನು ಕೈ ಬಿಡಿಸಿಕೊಂಡು, "ಒಳಗೆ ಹೋಗೋ ಮಾರಾಯ, ನೀನೂ ಕುಗ್ಗಿಬಿಡ್ತೀಯ," ಎಂದ.

ಮರುದಿನ ಬೆಳಗ್ಗೆ ಹಿಕ್ಮೆತ್ ಬೇಗೆ ಫೋನ್ ಮಾಡಿದ್ದು ಲಿಯೋನಾ. ಮುಂದಿನ ಸರಕಿಗೆ ನಾನೂರ ಎಪ್ಪತ್ತೈದು ಎಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲ.