ವರ್ಷದ ಎಡೆಯ ಅಕ್ಕಿ

ಬದುವಿನ ಮೇಲೆ ಕಾಲಿಟ್ಟದ್ದೇ ತಡ, ಸಂಧ್ಯಾರಾಣಿ ಅಯ್ಯೋ ಎಂದು ನಿಂತುಬಿಟ್ಟಳು. ನಿನ್ನೆ ಸಂಜೆ ಪಾದ ಮುಳುಗುವಷ್ಟು ನೀರು ನಿಂತಿದ್ದ ಗದ್ದೆಯಲ್ಲಿ ಈಗ ಬರೀ ಕೆಸರು. ಕೆಳಗಿನ ಮೂಲೆಯಲ್ಲಿ ಯಾರೋ ಬದು ಕಡಿದಿದ್ದರು. ಉಳಿದಷ್ಟು ನೀರೂ ಹಳ್ಳದ ಕಡೆಗೆ ಇಳಿದು ಹೋಗುತ್ತಿತ್ತು. ಯಾರೋ ಏನು, ಅವಳ ಮಾವ ಕೊಟ್ರಬಸಪ್ಪನವರೇ ಅಲ್ಲಿ ಸಲಿಕೆ ಊರಿಕೊಂಡು ನಿಂತಿದ್ದರು, ಮುಖದ ತುಂಬ ನಗು.

"ಬಾರವ್ವ, ಬಾ! ತೆನೆ ಬಾಗೈತೆ, ಇನ್ನೂ ನೀರು ನಿಲ್ಲಿಸ್ಕೊಂಡು ಕುಂತೀರಲ್ಲ, ಗಂಡ ಹೆಂಡ್ತಿ ಇಬ್ರಿಗೂ ಗ್ಯಾನ ಎಲ್ಲೈತೆ? ನೋಡಿ ನೋಡಿ ಸಾಕಾತು, ನಾನೇ ಕಡಿದೆ."

ಬೈಯೋಣವೆಂದರೆ ಬೈಯಲು ಬಾಯಾದರೂ ಹೇಗೆ ಬಂದೀತು? ಹೆಂಡತಿ ಸಿದ್ದಲಿಂಗಮ್ಮ ಕಿಡ್ನಿ ಕೆಟ್ಟು ತೀರಿಕೊಂಡ ಮೇಲೆ ಈ ಮನುಷ್ಯ ಗದ್ದೆಯ ಕಡೆ ಮುಖ ಹಾಕಿರಲಿಲ್ಲ. ಜಗಲಿಯಿಂದ ಎಬ್ಬಿಸಲು ಮನೆಯವರು ಪಡದ ಪಾಡಿಲ್ಲ. ಇವತ್ತು ತಾವಾಗಿ ಎದ್ದು, ಸಲಿಕೆ ಹೆಗಲಿಗೇರಿಸಿಕೊಂಡು ಬಂದಿದ್ದಾರೆ. ಬಂದವರು ಮಾಡಿದ್ದು ಇದು!

ಮಣ್ಣು ಪರೀಕ್ಷೆ ಮಾಡುವ ವಿಜಯಶ್ರೀ ಕಳೆದ ಸುಗ್ಗಿಯಲ್ಲಿ ಬಂದು ಬಿಡಿಸಿ ಹೇಳಿದ್ದಳು. ಈ ಗದ್ದೆಯ ಮಣ್ಣಿನಲ್ಲಿ ಕ್ಯಾಡ್ಮಿಯಂ ಎಂಬ ವಿಷ ಸೇರಿದೆ, ಅಕ್ಕಿಗೂ ಇಳಿದಿದೆ, ಉಂಡವರ ಕಿಡ್ನಿ ಕೆಡಿಸುತ್ತದೆ. ಸುಣ್ಣ ಹಾಕಿ, ಕಾಳು ಗಟ್ಟಿಯಾಗುವ ತನಕ ನೀರು ಆರಗೊಡಬೇಡಿ. ಗದ್ದೆ ಒಣಗಿತೋ, ವಿಷ ಬೇರು ಹಿಡಿದು ಕಾಳಿಗೆ ಏರುತ್ತದೆ. ಈ ಬೆಳೆಯ ಅಕ್ಕಿ ಪರೀಕ್ಷೆಯಲ್ಲಿ ಪಾಸಾದರೆ ಭತ್ತ ಮುಂದುವರಿಸಿ. ಇಲ್ಲವಾದರೆ ಬಾಯಿಗೆ ಹೋಗುವುದೇನನ್ನೂ ಇಲ್ಲಿ ಬೆಳೆಯಬೇಡಿ, ಚೆಂಡು ಹೂವು ಹಾಕಿಕೊಳ್ಳಿ.

ವಿಷ ಬಂದದ್ದು ಹೂಳಿನಿಂದ. ಹಳೇ ಬ್ಯಾಟರಿ ಒಡೆಯುವ ಶೆಡ್ಡಿನ ಹಿಂದೆ ಹರಿಯುವ ಚರಂಡಿಯ ಹೂಳು, ಕಪ್ಪಗೆ, ಬೆಣ್ಣೆಯ ಹಾಗೆ. ಬಿಟ್ಟಿ ಗೊಬ್ಬರವೆಂದು ಕೊಟ್ರಬಸಪ್ಪನವರೇ ವರ್ಷವರ್ಷವೂ ಟ್ರ್ಯಾಕ್ಟರಿನಲ್ಲಿ ಹೇರಿ ತಂದಿದ್ದರು. ಬಸವಾಪಟ್ಟಣದ ರೈತರೂ ಬಂದು ಆ ಪೈರನ್ನು ನೋಡಿ ಹೊಟ್ಟೆ ಉರಿಸಿಕೊಂಡು ಹೋಗುತ್ತಿದ್ದರು. "ಅಪ್ಪಗೆ ಗೊತ್ತಾದ್ರೆ ಜೀವ ಹಿಡಿಯಲ್ಲ ಕಣೇ, ಬಾಯಿ ಬಿಡಬ್ಯಾಡ" ಎಂದು ಗಂಡ ರೇಣುಕಪ್ರಸಾದ್ ಅಂದೇ ಕೈ ಹಿಡಿದು ಹೇಳಿದ್ದ. ಮನೆಯಲ್ಲಿದ್ದ ಭತ್ತವನ್ನು ಗುಂಡಿ ತೋಡಿ ಮುಚ್ಚಿ, ಹುಳ ಬಿದ್ದು ಹಾಳಾಯಿತು ಎಂದರು. ಅಂಗಡಿ ಅಕ್ಕಿ ತಂದರು. ಮುದುಕರು ಪ್ರತಿ ತುತ್ತಿಗೂ ಗೊಣಗಿದರು, ಆದರೂ ಉಂಡರು.

ಸಂಧ್ಯಾರಾಣಿ ಕೆಸರಿಗಿಳಿದು ಎರಡೂ ಕೈಯಿಂದ ಮಣ್ಣು ಬಗೆದು ಬದುವಿನ ಬಾಯಿಗೆ ಒತ್ತಿದಳು. ಭದ್ರಾ ನಾಲೆಯ ನೀರು ನಿನ್ನೆಗೇ ನಿಂತಿತ್ತು. ಕೊಯ್ಲಿನ ತನಕ ಮತ್ತೆ ಬರುವುದಿಲ್ಲ. ಉಳಿದದ್ದನ್ನಾದರೂ ಹಿಡಿಯಬೇಕಿತ್ತು.

"ಏನವ್ವ ಇದು? ನಂಗೇ ಹೇಳ್ಕೊಡಾಕೆ ಬಂದ್ಯಾ?" ಕೊಟ್ರಬಸಪ್ಪನವರ ನಗು ಮಾಯವಾಯಿತು. "ನಿಮ್ಮತ್ತೆ ವರ್ಷದ ದಿನ ಹತ್ರ ಬಂತು. ಎಡೆಗೆ ನಮ್ಮ ಗದ್ದೆ ಹೊಸ ಅಕ್ಕೀನೇ ಆಗ್ಬೇಕು. ಆ ಅಂಗಡಿ ಅಕ್ಕಿ ಅನ್ನಾನ ಅವಳ ಮುಂದೆ ಹೆಂಗೆ ಇಡ್ಲಿ? ಬ್ಯಾಗ ಒಣಗ್ಲಿ, ಬ್ಯಾಗ ಕುಯ್ಯಾನ. ಸರಿ ಅತ್ಲಾಗೆ!" ಅವಳು ಒತ್ತಿದ ಮಣ್ಣನ್ನು ಸಲಿಕೆಯಿಂದ ಎಳೆದು ಹಾಕಿದರು.

"ಬ್ಯಾಡ್ರೀ ಮಾವ! ಆ ಅಕ್ಕಿಯಾಗೆ ವಿಷ ಐತೆ!"

ಬಾಯಿಂದ ಬಿದ್ದೇ ಹೋಯಿತು. ಆಮೇಲೆ ಮುಚ್ಚಿಟ್ಟುಕೊಳ್ಳಲು ಏನು ಉಳಿದಿತ್ತು? ಕೆಸರಲ್ಲೇ ನಿಂತು, ಅಳುತ್ತಾ, ಸುಣ್ಣದಿಂದ ಹಿಡಿದು ಗುಂಡಿಯಲ್ಲಿ ಮುಚ್ಚಿದ ಭತ್ತದವರೆಗೆ ಎಲ್ಲ ಹೇಳಿದಳು.

"ಆ ಹೂಳಿಂದಾನಾ?" ಎಂದರು ಕೊಟ್ರಬಸಪ್ಪ.

"ನಿಮಗೇನು ಗೊತ್ತಿತ್ತು ಮಾವ? ಊರೋರೆಲ್ಲ ಚೆನ್ನಾಗೈತೆ ಅಂದೋರೇ."

"ಅವಳು ಹಾಸಿಗೆ ಹಿಡಿದಾಗ ನಾನೇ ಗಂಜಿ ಕಾಯಿಸಿ ಕುಡಿಸ್ತಿದ್ದೆ. ಸಾಕು ಅಂದ್ರೂ ಬಿಡ್ತಿರ್ಲಿಲ್ಲ. ನಮ್ಮ ಗದ್ದೆ ಅಕ್ಕಿ, ಶಕ್ತಿ ಬರ್ತೈತೆ ಕುಡಿ ಅಂತಿದ್ದೆ."

"ಅದ್ರಿಂದಾನೇ ಹಂಗಾತು ಅಂತ ಡಾಕ್ಟ್ರು ಹೇಳಿಲ್ಲ, ಮಾವ."

"ಅದ್ರಿಂದ ಅಲ್ಲ ಅಂತ ಹೇಳಿದ್ರಾ?"

"ಇಲ್ಲ ಮಾವ" ಎಂದಳು ಸಂಧ್ಯಾರಾಣಿ. ಹೌದು ಎಂದುಬಿಡಬಹುದಿತ್ತು. ವರ್ಷವಿಡೀ ಹೇಳಿದ ಸುಳ್ಳುಗಳ ಜೊತೆ ಇನ್ನೊಂದು, ಏನು ಮಹಾ! ಆದರೆ ಆ ಸುಳ್ಳುಗಳೇ ಅಲ್ಲವೇ ಇವತ್ತು ಬದು ಕಡಿದದ್ದು? ಮೊದಲೇ ಹೇಳಿದ್ದರೆ ಈ ಮನುಷ್ಯ ಹಗಲೂ ರಾತ್ರಿ ಇಲ್ಲೇ ಕೂತು ನೀರು ಕಾಯುತ್ತಿದ್ದರು. ಅವರ ಸಂಕಟ ತಪ್ಪಿಸಲು ಹೋಗಿ ಗದ್ದೆಯನ್ನೂ ಕಳೆದುಕೊಂಡೆವು, ಸಂಕಟವೂ ತಪ್ಪಲಿಲ್ಲ. ಅಯ್ಯೋ, ಯಾಕಾದರೂ ಸುಮ್ಮನಿದ್ದೆನೋ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಕೊಟ್ರಬಸಪ್ಪ ಸಲಿಕೆಯನ್ನು ಪಕ್ಕಕ್ಕಿಟ್ಟರು. ಹೆಗಲ ಟವೆಲನ್ನು ಮಡಿಸಿ ಅದರ ಮೇಲಿಟ್ಟರು. ಮೊಣಕಾಲೂರಿ ಕೂತು, ತಾವು ಕಡಿದ ಜಾಗಕ್ಕೆ ಬೊಗಸೆ ಬೊಗಸೆಯಾಗಿ ಮಣ್ಣು ತುಂಬಲು ಶುರುಮಾಡಿದರು.

"ನಾಲೆ ನಿಂತೈತೆ ಮಾವ. ನೀರೆಲ್ಲ ಹೋತು. ಏಳ್ರಿ, ಮನೀಗೆ ಹೋಗಾನ."

ಅವರು ಏಳಲಿಲ್ಲ. ಮಣ್ಣನ್ನು ಒತ್ತಿ, ಅಂಗೈಯಿಂದ ಎರಡೂ ಬದಿಗೆ ಸವರಿ ನುಣ್ಣಗೆ ಮಾಡಿದರು.

"ಎಡೆಗೆ ಅಂಗಡಿ ಅಕ್ಕಿ ತರಾಕೆ ಹೇಳವ್ವ ರೇಣುಕಗೆ" ಎಂದರು, ತಲೆ ಎತ್ತದೆ. "ಒಳ್ಳೇದು ನೋಡಿ ತರ್ಲಿ."

ಅವಳು ಹೂಂ ಎಂದಳು. ಬದುವಿನ ಈಚೆಗೂ ಕೆಸರು, ಆಚೆಗೂ ಕೆಸರು. ಕೊಟ್ರಬಸಪ್ಪ ಇನ್ನೊಂದು ಬೊಗಸೆ ಮಣ್ಣು ತೆಗೆದು ಅದರ ಮೇಲಿಟ್ಟು ಒತ್ತಿದರು.