ಹಾಜಿಯವರ ಹಕ್ಕಿ ಕಲಿತ ಮೂರನೇ ಸಾಲು

"ನನ್ನ ಹಕ್ಕೀನ ಮತಾಂತರ ಮಾಡಿಬಿಟ್ರಲ್ಲರೀ!"

ಹಾಜಿ ಎಂಕೋಸ್ ಬಟ್ಟೆ ಹೊದಿಸಿದ ಪಂಜರವನ್ನು ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕುಕ್ಕಿದ ರಭಸಕ್ಕೆ ಪಕ್ಕದಲ್ಲಿದ್ದ ಕಾಫಿ ಲೋಟ ಉರುಳಿತು. ನೀರಿನ ತೊಟ್ಟಿಯಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕುತ್ತಿದ್ದ ಬಿನ್ಸಾರಣ್ಣ ತಲೆ ಎತ್ತಿದ. ಅವನು ನಮ್ಮ ಸಭೆಯ ಹಿರಿಯ. ನಾವು ಬಟಾಕ್ ಜನ, ಕ್ರೈಸ್ತರು. ಸುಮಾತ್ರಾ ದ್ವೀಪ ಬಿಟ್ಟು ಬಂದು ಬೆಕಾಸಿ ಪಟ್ಟಣದ ಅಂಚಿನ ಈ ಕೇರಿ ಸೇರಿ ಇಪ್ಪತ್ತು ವರ್ಷವಾಯಿತು. ಗುಟ್ಟು ಹೇಳಿಕೊಂಡರೂ ಮೂರು ಮನೆಗೆ ಕೇಳಿಸುವ ಗಂಟಲು ನಮ್ಮದು. ಅಂಥ ಬಿನ್ಸಾರಣ್ಣ ಆ ಹೊತ್ತು ಬೆಣ್ಣೆಯಂತೆ ಮಾತಾಡಿದ.

"ಹಾಜಿಯವ್ರೇ, ಇಪ್ಪತ್ತು ವರ್ಷದಲ್ಲಿ ಒಬ್ಬ ಮನುಷ್ಯನನ್ನ ಮಾಡಿಲ್ಲ ನಾವು. ಇನ್ನು ಹಕ್ಕೀನ ಎಲ್ಲಿ ಮಾಡೋಣ?"

"ಮಾಡಿದ್ದೀರಿ! ಇವತ್ತು ಹಕ್ಕಿ ಹಾಡಿನ ಸ್ಪರ್ಧೇಲಿ ನಲವತ್ತು ಪಂಜರದ ನಡುವೆ ನನ್ನ ಸುಲ್ತಾನ ಬಾಯಿ ಬಿಟ್ಟು ಏನು ಹಾಡಿದ ಗೊತ್ತಾ? ನಿಮ್ಮ ಹೆಂಡ್ತಿ ಹಾಡೋ ಕೀರ್ತನೆ! ಅದರ ಮೂರನೇ ಸಾಲು! ಜನ ಎಲ್ಲ 'ಹಲ್ಲೆಲೂಯಾ ಹಾಜಿ' ಅಂತ ಕೂಗಿದ್ರು. ಗೆದ್ದ ಪಂಜರದ ಕೆಳಗೆ ಬಾವುಟ ನೆಡಬೇಕಾದ ತೀರ್ಪುಗಾರ ಹೊಟ್ಟೆ ಹಿಡ್ಕೊಂಡು ಕೂತ. ಇನ್ನು ಇವನಿಗೆ ಗುರುತಿನ ಚೀಟಿ ಮಾಡಿಸಿದ್ರೆ ಧರ್ಮ ಅಂತ ಏನು ಬರೆಸಲಿ, ನೀವೇ ಹೇಳಿ!"

ಬಿನ್ಸಾರಣ್ಣನಿಗೆ ನಗು ಬಂತು. ಆದರೆ ನಗುವಂತಿರಲಿಲ್ಲ. ಅಂಗಡಿಯ ಡ್ರಾಯರಿನಲ್ಲಿ, ಅಂಟಿನ ಟ್ಯೂಬುಗಳ ಕೆಳಗೆ, ಆ ಕಾಗದ ಇತ್ತು. ನಮಗೊಂದು ಚರ್ಚು ಕಟ್ಟಿಕೊಳ್ಳಲು ಅಪ್ಪಣೆ ಬೇಕೆಂದರೆ ಅಕ್ಕಪಕ್ಕದ ಅನ್ಯಧರ್ಮದ ಅರವತ್ತು ಜನ ಒಪ್ಪಿ ಸಹಿ ಹಾಕಬೇಕು, ಗುರುತಿನ ಚೀಟಿಯ ನಕಲು ಕೊಡಬೇಕು. ಒಮ್ಮೆ ಅರವತ್ತೊಂದು ಆಗಿತ್ತು. ಆಮೇಲೆ ಎಲ್ಲಿಂದಲೋ ಬೈಕಿನ ಮೇಲೆ ಬಂದವರು ಮನೆ ಮನೆಗೆ ಹೋಗಿ ಏನು ಹೇಳಿದರೋ, ಇಬ್ಬರು ಕೈ ಮುಗಿದು ಹೆಸರು ಹೊಡೆದುಹಾಕಿಸಿಕೊಂಡರು. ಈಗ ಐವತ್ತೊಂಬತ್ತು. ಕೇರಿಯಲ್ಲಿ ಹೂಂ ಅನ್ನದೆ, ಉಹೂಂ ಅನ್ನದೆ ಉಳಿದವರು ಹಾಜಿ ಎಂಕೋಸ್ ಒಬ್ಬರೇ. "ಸ್ಪರ್ಧೆ ಮುಗೀಲಿ, ಹಾಕ್ತೀನಿ" ಎಂದಿದ್ದರು. ತಿಂಗಳ ಮೂವತ್ತು, ಸೋಮವಾರ, ಕಾಗದ ಕಚೇರಿ ಸೇರಬೇಕು. ಸೇರದಿದ್ದರೆ ಅರವತ್ತನ್ನೂ ಮೊದಲಿಂದ ಹುಡುಕಬೇಕು. ನಾವು ಕೂಡುತ್ತಿದ್ದ ತಗಡಿನ ಶೆಡ್ಡನ್ನು ಅದರ ಒಡೆಯ ಬೇರೆ ಯಾರಿಗೋ ಮಾರಿಯಾಗಿತ್ತು.

ತಪ್ಪು ಹಾಜಿಯವರದ್ದೇ, ಹೇಳುವವರು ಯಾರು? ಸುಲ್ತಾನ ಮುರಾಯ್ ಎಂಬ ಹಾಡುಹಕ್ಕಿ. ಅದು ಮರಿಯಾಗಿದ್ದಾಗ ಕೇಳಿದ್ದನ್ನೆಲ್ಲ ಕಲಿಯುತ್ತದೆ. ಅದಕ್ಕೇ ಅದನ್ನು ಸಾಕುವವರು ಬೇರೆ ಹಕ್ಕಿಗಳ ಪಕ್ಕ ಪಂಜರ ತೂಗಿ ಪಾಠ ಹೇಳಿಸುತ್ತಾರೆ. ಇವರು ಗಾಳಿ ಚೆನ್ನಾಗಿದೆ ಎಂದು ತಮ್ಮ ಮನೆ ಪಕ್ಕದ ನಮ್ಮ ಶೆಡ್ಡಿನ ಗೋಡೆಗೆ ತೂಗಿದರು. ಗೋಡೆಯ ಈಚೆ ವಾರಕ್ಕೆರಡು ಸಂಜೆ ನಮ್ಮ ಕ್ವಾಯರ್ ಅಭ್ಯಾಸ. ಬಿನ್ಸಾರಣ್ಣನ ಹೆಂಡತಿ ರೋತುವಕ್ಕ ಆ ಕೀರ್ತನೆಯ ಮೂರನೇ ಸಾಲಿನ ಕೊನೆಯಲ್ಲಿ ದನಿ ಇಳಿಸಬೇಕಾದ ಕಡೆ ಏರಿಸಿ, ಎಳೆದು, ಬೇರೆಲ್ಲೋ ಬಿಟ್ಟು ಬರುತ್ತಾಳೆ. ತಿದ್ದಲು ಹೋದ ಮೂವರು ಕ್ವಾಯರ್ ಮಾಸ್ತರರು ಕೆಲಸ ಬಿಟ್ಟರು. ಕೊನೆಗೆ ಸಭೆಯೇ ಸೋತು ಅವಳ ಹಾಗೆಯೇ ಹಾಡತೊಡಗಿತು. ಸುಲ್ತಾನ ಕಲಿತದ್ದು ಸರಿಯಾಗಿ ಅದನ್ನೇ.

"ಒಂದು ಷರತ್ತು," ಎಂದರು ಹಾಜಿಯವರು. "ಇವನು ಅದನ್ನ ಮರೀಬೇಕು. ಅಲ್ಲೀವರೆಗೂ ನಿಮ್ಮ ಶೆಡ್ಡಿಂದ ಒಂದು ಸ್ವರ ಹೊರಗೆ ಬರಕೂಡದು. ಮರೆತ ದಿನ ಸಹಿ."

"ಬಟಾಕರಿಗೆ ಹಾಡಬೇಡಿ ಅಂತೀರಲ್ಲ, ಉಸಿರಾಡಬೇಡಿ ಅಂದುಬಿಡಿ," ಎಂದ ಬಿನ್ಸಾರಣ್ಣ.

"ಉಸಿರಾಡ್ಕೊಳ್ಳಿ. ಮೆಲ್ಲಗೆ."

ಮೊದಲ ಭಾನುವಾರ ನಾವು ತುಟಿ ಮಾತ್ರ ಆಡಿಸಿದೆವು. ದೇವರೇ, ಅದೊಂದು ಆರಾಧನೆಯೇ! ಹಿಂದಿನ ಬೆಂಚಿನ ಅಜ್ಜ ಗೊರಕೆ ಹೊಡೆಯುತ್ತಾರೆಂದು ಸಭೆಗೆ ಗೊತ್ತಾದದ್ದೇ ಅವತ್ತು. ಎರಡನೇ ಭಾನುವಾರ ಪಾಸ್ಟರು ಮನಸ್ಸಿನೊಳಗೇ ಹಾಡಿಕೊಳ್ಳಿ ಎಂದರು. ಒಬ್ಬೊಬ್ಬರ ಮನಸ್ಸು ಒಂದೊಂದು ವೇಗ. ಹೆಂಗಸರು ಮುಗಿಸಿ ಕೂತರು, ದಪ್ಪ ದನಿಯ ಗಂಡಸರು ಇನ್ನೂ ಒಂದು ಚರಣ ಬಾಕಿ ಇದ್ದಂತೆ ಕಣ್ಣು ಮುಚ್ಚಿ ನಿಂತೇ ಇದ್ದರು. ರೋತುವಕ್ಕ ಮನೆಗೆ ಹೋಗಿ ಅನ್ನದ ಪಾತ್ರೆಯೊಳಗೆ ತಲೆ ತೂರಿಸಿ ಒಂದು ಸಾಲು ಹಾಡಿಕೊಂಡಳಂತೆ. ಗೋಡೆಯಾಚೆಯಿಂದ ಹಾಜಿಯವರ ಹೆಂಡತಿ ನೆನೆಂಗ್, "ಅಕ್ಕಾ, ಕೇಳಿಸ್ತು! ನಮ್ಮನೆಯವರು ಮಸೀದೀಲಿದ್ದಾರೆ, ಬೇಗ ಮುಗಿಸಿಬಿಡಿ," ಎಂದಳಂತೆ.

ಮೂರನೇ ವಾರಕ್ಕೆ ಸುಲ್ತಾನ ಮರೆತ. ಆ ಸಾಲನ್ನಷ್ಟೇ ಅಲ್ಲ, ಎಲ್ಲವನ್ನೂ. ಕಲಿತಿದ್ದ ಗುಬ್ಬಿ, ಜೀರುಂಡೆ, ಮರಕುಟಿಗ ಎಲ್ಲ ಹೋಯಿತು. ಗರಿ ಉಬ್ಬಿಸಿಕೊಂಡು ಪಂಜರದ ಮೂಲೆಯಲ್ಲಿ ಕೂತುಬಿಟ್ಟ. ಹಾಜಿಯವರು ಮೊಬೈಲಿನಲ್ಲಿ ಲೋಕದ ಹಕ್ಕಿಗಳನ್ನೆಲ್ಲ ಕೇಳಿಸಿದರು, ಮಿಡತೆ ಹಿಡಿದು ತಿನ್ನಿಸಿದರು, ಬೆಳಗಿನ ಬಿಸಿಲಿಗೆ ಸ್ನಾನ ಮಾಡಿಸಿದರು. ಊಹೂಂ. ಬಿನ್ಸಾರಣ್ಣ ಕಾಗದ ಹಿಡಿದು ಎರಡು ಸಲ ಹೋದ, ಎರಡು ಸಲವೂ ನೆನೆಂಗ್ ಬಾಗಿಲಲ್ಲೇ ಕೈ ಆಡಿಸಿದಳು. "ಬೇಡ ಅಣ್ಣ. ಊಟ ಬಿಟ್ಟಿದ್ದಾರೆ. ಹಕ್ಕೀನೂ, ಇವರೂ."

ಇಪ್ಪತ್ತೊಂಬತ್ತನೇ ತಾರೀಕು, ಭಾನುವಾರ. ನಾವು ಸದ್ದಿಲ್ಲದೆ ಕೂತಿದ್ದೆವು. ನಾಳೆ ಸೋಮವಾರ ಎಂಬುದು ಎಲ್ಲರ ಮುಖದಲ್ಲೂ ಇತ್ತು. ಆಗ ಹೊರಗೆ ಹೆಜ್ಜೆ ಸಪ್ಪಳ ಕೇಳಿ ಬಾಗಿಲು ದಡಾರನೆ ತೆರೆಯಿತು. ಹೋದ ವರ್ಷ ಹೀಗೇ ಬಾಗಿಲು ತೆರೆದು ಒಳಬಂದವರು ನಮ್ಮನ್ನೆಲ್ಲ ಹೊರಗೆ ಕಳಿಸಿ ಬೀಗ ಜಡಿದಿದ್ದರು. ತಾಯಂದಿರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡರು. ಬಿನ್ಸಾರಣ್ಣ ಎದ್ದು ದಾರಿಗೆ ಅಡ್ಡ ನಿಂತ.

ಬಂದವರು ಒಬ್ಬರೇ. ಲುಂಗಿ, ಬಿಳಿ ಟೋಪಿ, ಕೈಯಲ್ಲಿ ಪಂಜರ.

"ಹಾಡಿ," ಎಂದರು ಹಾಜಿಯವರು.

ಪಾಸ್ಟರು ಕೀರ್ತನೆ ಪುಸ್ತಕ ಮುಚ್ಚಿ ಬಿನ್ಸಾರಣ್ಣನ ಕಡೆ ನೋಡಿದರು.

"ಏನ್ರೀ, ಇಪ್ಪತ್ತು ವರ್ಷ ಬೇಡ ಬೇಡ ಅಂದ್ರೂ ಹಾಡಿದ್ರಿ, ಈಗ ಹಾಡಿ ಅಂದ್ರೆ ಬಾಯಿಗೆ ಬೀಗವಾ? ಎಲ್ಲಿ ನಿಮ್ಮ ಹೆಂಡ್ತಿ?"

"ಷರತ್ತು ಹಾಕಿದ್ದು ನೀವೇ," ಎಂದ ಬಿನ್ಸಾರಣ್ಣ.

"ಹಾಕಿದೋನೂ ನಾನೇ, ತೆಗೆಯೋನೂ ನಾನೇ."

ರೋತುವಕ್ಕ ಮುಂದಿನ ಬೆಂಚಿನಿಂದ ಎದ್ದು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಮೊದಲು ಸಹಿ ಹಾಕಿ ಹಾಜಿಯವ್ರೇ. ಆಮೇಲೆ ಹಾಡು."

"ಮೊದಲು ಹಾಡು. ಹಕ್ಕಿ ಬಾಯಿ ಬಿಡಲಿ, ಆಮೇಲೆ ಸಹಿ."

"ಸಹಿ!"

"ಹಾಡು!"

ಪಾಸ್ಟರು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದರು. ಸಂತೆಯಲ್ಲಿ ಮೀನಿಗೆ ಚೌಕಾಸಿ ಮಾಡುವವರ ಹಾಗೆ ಇವರಿಬ್ಬರೂ ಇನ್ನೊಂದು ಸುತ್ತು ಕೂಗಾಡಿದರು. ರೋತುವಕ್ಕನ ಕೈಗೆ ಇಷ್ಟು ವರ್ಷಕ್ಕೆ ಇಂಥ ಹಿಡಿತ ಸಿಕ್ಕಿತ್ತು, ಬಿಡುವ ಹೆಂಗಸಲ್ಲ. ಹಾಜಿಯವರು ಸಿಟ್ಟಿನಲ್ಲಿ ಪಂಜರದ ಬಟ್ಟೆ ಕಿತ್ತು ತೆಗೆದರು. "ನೋಡಿ ಇವನನ್ನ, ನೋಡಿ!"

ಅವಳು ನೋಡಿದಳು. ಸುಲ್ತಾನನ ಉದ್ದನೆಯ ಬಾಲ ಮಡಚಿಕೊಂಡಿತ್ತು. ಎದೆಯ ಮೂಳೆ ಕಾಣುತ್ತಿತ್ತು. ಒಂದು ಕಣ್ಣು ಅರ್ಧ ಮುಚ್ಚಿತ್ತು.

"ಅಯ್ಯೋ, ನನ್ನ ಕಂದ," ಎಂದಳು. ಸೊಂಟದ ಮೇಲಿನ ಕೈ ತಾನಾಗಿ ಇಳಿಯಿತು.

ಸಹಿಯ ಮಾತು ಮತ್ತೆ ಎತ್ತಲಿಲ್ಲ. ಅಲ್ಲೇ ನಿಂತು ಶುರು ಮಾಡಿದಳು. ಮೂರು ವಾರ ಸುಮ್ಮನಿದ್ದ ಗಂಟಲು, ಮೊದಲ ಸಾಲು ಕರಕರ ಎಂದಿತು. ಎರಡನೇ ಸಾಲಿಗೆ ಬಿನ್ಸಾರಣ್ಣ ಸೇರಿದ, ನಾವೆಲ್ಲ ಸೇರಿದೆವು. ಮೂರು ವಾರ ಕಟ್ಟಿಟ್ಟಿದ್ದು ಒಮ್ಮೆಗೇ ಹೊರಬಂದು ತಗಡು ಗಡಗಡ ನಡುಗಿತು. ಮೂರನೇ ಸಾಲು ಬಂತು. ಇಳಿಯಬೇಕಾದ ಕಡೆ ಅವಳು ಏರಿದಳು, ನಾವೂ ಏರಿದೆವು, ಎಳೆದೆವು. ನಾವು ಉಸಿರು ತೆಗೆದುಕೊಳ್ಳಲು ನಿಂತ ಆ ಒಂದು ಕ್ಷಣಕ್ಕೆ ಪಂಜರದೊಳಗಿಂದ ಸಣ್ಣದಾಗಿ, ಮುರುಕಲಾಗಿ, ಅದೇ ಎಳೆತ ಬಂತು.

ಹಾಜಿಯವರು ಟೋಪಿ ತೆಗೆದು ಮುಖ ಒರೆಸಿಕೊಂಡರು. "ದರಿದ್ರ ಹಕ್ಕಿ," ಎಂದರು. ಆಮೇಲೆ ಬಿನ್ಸಾರಣ್ಣನ ಕಡೆ ಕೈ ಚಾಚಿ, "ತಗೊಂಡ್ಬನ್ನಿ ಆ ಕಾಗದ. ಪೆನ್ನು ಬರಿಯುತ್ತೆ ತಾನೇ? ಗುರುತಿನ ಚೀಟಿ ನಕಲು ಜೇಬಲ್ಲೇ ಇದೆ. ಹೋದ ತಿಂಗಳೇ ಮಾಡಿಸಿಟ್ಟಿದ್ದೆ," ಎಂದರು.

ಕಾಗದ ಮಾರನೇ ದಿನವೇ ಕಚೇರಿ ಸೇರಿತು. ಅಲ್ಲಿ ಈಗಲೂ ಇದೆ. ಯಾವ ಮೇಜಿನ ಮೇಲೆ ಎಂದು ಕೇಳಿದರೆ ಬರುವ ವಾರ ಬನ್ನಿ ಎನ್ನುತ್ತಾರೆ. ಶೆಡ್ಡು ಕೊಂಡವರು ಇನ್ನೂ ಬಂದಿಲ್ಲ, ಹಾಗಾಗಿ ಸದ್ಯಕ್ಕೆ ಅಲ್ಲೇ ಕೂಡುತ್ತೇವೆ.

ಮೊನ್ನೆ ಭಾನುವಾರ ನಾನು ತಡವಾಗಿ ಹೋದೆ. ಒಳಗೆ ಕೀರ್ತನೆ ಶುರುವಾಗಿತ್ತು. ಕೇರಿಯ ಬಾಯಲ್ಲಿ ಒಂದು ಬೈಕು ನಿಂತಿತ್ತು, ಅದರ ಮೇಲೆ ಇಬ್ಬರು. ಹೋದ ವರ್ಷ ಬೀಗ ತಂದವರಲ್ಲಿ ಒಬ್ಬನ ಗುರುತು ನನಗೆ ಸಿಕ್ಕಿತು. ನಾನು ವಿದ್ಯುತ್ ಕಂಬದ ಹಿಂದೆ ಸರಿದೆ. ಹಾಜಿಯವರು ತಮ್ಮ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರು. ಪಂಜರ ಮತ್ತೆ ಶೆಡ್ಡಿನ ಗೋಡೆಯ ಮೊಳೆಗೇ ತೂಗುತ್ತಿತ್ತು.

"ಹಾಜಿಯವ್ರೇ, ಯಾರ್ರೀ ಅದು ಹಾಡ್ತಿರೋದು?" ಎಂದ ಬೈಕಿನವನು.

"ನನ್ನ ಹಕ್ಕಿ."

ಇಬ್ಬರೂ ಕಿವಿಗೊಟ್ಟು ಕೇಳಿದರು. ಒಳಗೆ ಎಪ್ಪತ್ತು ಗಂಟಲು.

"ಇಷ್ಟು ದೊಡ್ಡ ದನೀನಾ?"

"ದೊಡ್ಡ ಹಕ್ಕಿ," ಎಂದರು ಹಾಜಿಯವರು. ಎದ್ದು ಹೋಗಿ ಪಂಜರದ ಕೆಳಗೆ ನಿಂತು, ಅವರಿಗೆ ಬೆನ್ನು ಮಾಡಿ, ಅದರ ಬಟ್ಟೆ ಸರಿಸತೊಡಗಿದರು. ಒಳಗೆ ಮೂರನೇ ಸಾಲು ಬರುತ್ತಿತ್ತು.